ಓದುಗರ ಪ್ರಶ್ನೆ, ನಮ್ಮ ಉತ್ತರ: ಮುಂದಿನ ಟರ್ಬೊ ಸೆಡಾನ್‌ಗಳ ನಿರೀಕ್ಷೆಯಲ್ಲಿ

ಟರ್ಬೊ ಎಂಜಿನ್ನಿನ (ಹೊರಬೀಳುವ ಹೊಗೆಯ ಬಲದಿಂದಲೇ ಒಳಕ್ಕೆ ಹೆಚ್ಚು ಗಾಳಿ ತುಂಬಿಕೊಳ್ಳುವ ಎಂಜಿನ್), ನಾಲ್ಕೂ ಚಕ್ರಗಳಿಗೆ ಚಾಲನೆಯುಳ್ಳ ವೇಗದ ಸೆಡಾನ್‌ಗಳ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಮುಂದೆ ಬರಲಿರುವ ಕಾರುಗಳ ಕುರಿತೇ ಇರುವುದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ಮಿತ್ಸುಬಿಷಿ ಲ್ಯಾನ್ಸರ್ ಇವೊಲ್ಯೂಷನ್ ಮತ್ತು ಸುಬಾರು ಡಬ್ಲ್ಯುಆರ್‌ಎಕ್ಸ್ ಎಸ್‌ಟಿಐ ಮತ್ತೆ ಬರುತ್ತವೆ, ಹಳೆಯ ಪೈಪೋಟಿ ಮತ್ತೆ ಶುರುವಾಗುತ್ತದೆ ಎಂಬ ಸುದ್ದಿ ಆಗಾಗ ಕಿವಿಗೆ ಬೀಳುತ್ತದೆ. ಇದನ್ನು ನಂಬಬಹುದೇ?

ಉತ್ತರ: ಇಂಥ ಸುದ್ದಿಯನ್ನು ತೂಗಿನೋಡಬೇಕಾದರೆ ಆ ಎರಡು ಕಾರುಗಳು ಮೊದಲ ಸಲ ಹುಟ್ಟಿದ್ದಾದರೂ ಏಕೆ ಎಂಬುದನ್ನು ನೆನಪಿಸಿಕೊಳ್ಳಬೇಕು. 1980ರಲ್ಲಿ ಬಂದ ಆಡಿ ಕ್ವಾಟ್ರೊ ಟರ್ಬೊ ಎಂಜಿನ್ನನ್ನೂ ನಾಲ್ಕೂ ಚಕ್ರಗಳ ಚಾಲನೆಯನ್ನೂ ಒಂದೇ ಕಾರಿನಲ್ಲಿ ಕೂಡಿಸಿ, ಜಲ್ಲಿ ಮತ್ತು ಹಿಮದ ದಾರಿಗಳಲ್ಲಿ ಎರಡೇ ಚಕ್ರಗಳ ಚಾಲನೆಗೆ ಇನ್ನು ಹೆಚ್ಚು ದಿನ ಉಳಿಗಾಲವಿಲ್ಲ ಎಂಬುದನ್ನು ತೋರಿಸಿಕೊಟ್ಟಿತು. 1986ರ ಭೀಕರ ಅಪಘಾತಗಳ ನಂತರ ಅತಿ ಶಕ್ತಿಶಾಲಿ ಸ್ಪರ್ಧಾ ಕಾರುಗಳ ಗ್ರೂಪ್ ಬಿ ವರ್ಗ ರದ್ದಾಗಿ, 1987ರಿಂದ ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್ ಮಾರಾಟದ ಕಾರುಗಳಿಗೆ ಹತ್ತಿರವಿರುವ ಗ್ರೂಪ್ ಎ ಕಾರುಗಳ ಪಾಲಾದಾಗ, ಸ್ಪರ್ಧೆಗೆ ಇಳಿಸುವ ಕಾರನ್ನು ಸಾವಿರಾರು ಸಂಖ್ಯೆಯಲ್ಲಿ ತಯಾರಿಸಿರಲೇಬೇಕು ಎಂಬ ಷರತ್ತು ಎಲ್ಲ ಕಂಪನಿಗಳಿಗೂ ಅನ್ವಯವಾಯಿತು. ಮೊದಲಿಗೆ 5,000 ಇದ್ದ ಆ ಸಂಖ್ಯೆ 1990ರ ದಶಕದಲ್ಲಿ 2,500ಕ್ಕೆ ಇಳಿಯಿತು. ರ‍್ಯಾಲಿಯಲ್ಲಿ ಗೆಲ್ಲಬೇಕಾದರೆ ಗೆಲ್ಲುವಂಥ ಯಂತ್ರಭಾಗಗಳಿರುವ ಕಾರನ್ನೇ ಜನರಿಗೂ ಮಾರಬೇಕು ಎಂಬ ಈ ಕಟ್ಟುಪಾಡಿನಿಂದಲೇ 1992ರಲ್ಲಿ ಲ್ಯಾನ್ಸರ್ ಇವೊಲ್ಯೂಷನ್ ಮತ್ತು ಇಂಪ್ರೆಜಾ ಡಬ್ಲ್ಯುಆರ್‌ಎಕ್ಸ್ ಎರಡೂ ರಸ್ತೆಗೆ ಬಂದವು. ಎಸ್‌ಟಿಐ ಎಂಬುದು ಸುಬಾರುವಿನ ಈ ಡಬ್ಲ್ಯುಆರ್‌ಎಕ್ಸ್‌ನ ಹೆಚ್ಚು ಶಕ್ತಿಯ ಆವೃತ್ತಿ. ಕಾಲಿನ್ ಮೆಕ್ರೇ 1995ರಲ್ಲಿ ಸುಬಾರುವಿನಲ್ಲಿ, ಟಾಮಿ ಮ್ಯಾಕಿನೆನ್ 1996ರಿಂದ 1999ರವರೆಗೆ ಸತತವಾಗಿ ನಾಲ್ಕು ಸಲ ಮಿತ್ಸುಬಿಷಿಯಲ್ಲಿ ಚಾಲಕರ ಪ್ರಶಸ್ತಿ ಗೆದ್ದರು. ಒಂದು ಕಂಪನಿ ಗೆದ್ದ ಚಳಿಗಾಲದಲ್ಲಿ ಇನ್ನೊಂದು ಕಂಪನಿ ತನ್ನ ಕಾರನ್ನು ತಿದ್ದುತ್ತಿತ್ತು, ಆ ತಿದ್ದುಪಡಿಯೆಲ್ಲ ಅಂಗಡಿಯ ಕಾರಿಗೂ ಬರುತ್ತಿತ್ತು.

ಆ ಕಟ್ಟುಪಾಡು ಈಗ ಇಲ್ಲ. 1997ರಲ್ಲಿ ಬಂದ ವರ್ಲ್ಡ್ ರ‍್ಯಾಲಿ ಕಾರ್ ನಿಯಮಗಳ ಪ್ರಕಾರ, ಸಾಧಾರಣ ಕಾರೊಂದನ್ನು ಆಧಾರವಾಗಿಟ್ಟುಕೊಂಡು ಟರ್ಬೊವನ್ನೂ ನಾಲ್ಕು ಚಕ್ರಗಳ ಚಾಲನೆಯನ್ನೂ ಸ್ಪರ್ಧೆಯ ಕಾರಿಗೆ ಮಾತ್ರ ಸೇರಿಸಿಕೊಳ್ಳಬಹುದಾಯಿತು. 2022ರಿಂದ ಓಡುತ್ತಿರುವ ರ‍್ಯಾಲಿ1 ಕಾರುಗಳಂತೂ ಕೊಳವೆಗಳಿಂದ ಬೆಸೆದ ಚೌಕಟ್ಟಿನ ಮೇಲೆ ನಿಂತಿವೆ. ಮಾರಾಟದ ಕಾರಿಗೂ ಅವಕ್ಕೂ ಹೋಲಿಕೆ ಇರುವುದು ಮೇಲುನೋಟಕ್ಕಷ್ಟೇ. ಮಿತ್ಸುಬಿಷಿ 2005ರ ಕೊನೆಗೆ, ಸುಬಾರು 2008ರ ಕೊನೆಗೆ ತಮ್ಮ ಅಧಿಕೃತ ತಂಡಗಳನ್ನು ಹಿಂತೆಗೆದುಕೊಂಡವು. ಫೈನಲ್ ಎಡಿಷನ್ ಎಂಬ ಹೆಸರಿನೊಂದಿಗೆ ಇವೊಲ್ಯೂಷನ್‌ನ ಕಥೆ 2015ರ ಹೊತ್ತಿಗೆ ಮುಗಿಯಿತು. ಈಗಿನ ಡಬ್ಲ್ಯುಆರ್‌ಎಕ್ಸ್ ಆಧಾರದ ಮೇಲೆ ಪೆಟ್ರೋಲ್ ಎಂಜಿನ್ನಿನ ಮುಂದಿನ ಎಸ್‌ಟಿಐ ಬರುವುದಿಲ್ಲ ಎಂದು ಸುಬಾರು 2022ರ ಮಾರ್ಚ್‌ನಲ್ಲಿ ತಾನೇ ಪ್ರಕಟಿಸಿತು.

ಇದರ ಮೇಲೆ ಹೊಗೆಯ ನಿಯಮಗಳ ಭಾರವೂ ಇದೆ. ಯುರೋಪಿಯನ್ ಒಕ್ಕೂಟದಲ್ಲಿ ಒಂದು ಕಂಪನಿ ಮಾರುವ ಎಲ್ಲ ಹೊಸ ಕಾರುಗಳ ಸರಾಸರಿ ಇಂಗಾಲದ ಡೈಆಕ್ಸೈಡನ್ನು ಲೆಕ್ಕ ಹಾಕಿ, ಮಿತಿ ಮೀರಿದ ಪ್ರತಿ ಗ್ರಾಂಗೆ ಪ್ರತಿ ಕಾರಿನ ಮೇಲೆ 95 ಯೂರೊ ದಂಡ ವಿಧಿಸುವ ವ್ಯವಸ್ಥೆ ಇದೆ. ಇಡೀ ಕಂಪನಿಯ ಸರಾಸರಿಯನ್ನು ಕೆಡಿಸುವ ಕಾರನ್ನು, ಅದರಿಂದ ಬೇರೇನೂ ಲಾಭವಿಲ್ಲದಿರುವಾಗ, ಯಾವ ಕಂಪನಿ ತಾನೇ ಇಷ್ಟಪಟ್ಟು ಮಾಡೀತು? ಆದ್ದರಿಂದ ಮುಂದೆ ಇಂಥ ಸುದ್ದಿ ಬಂದಾಗ, ಈ ಕಾರನ್ನು ತಯಾರಿಸಲು ಕಂಪನಿಗೆ ಇರುವ ಕಾರಣವೇನು ಎಂದು ಕೇಳಿಕೊಳ್ಳಿ. ಟೊಯೊಟಾ 2020ರಲ್ಲಿ ಜಿಆರ್ ಯಾರಿಸ್ ತಂದಾಗ ಕಾರಣ ಕಣ್ಣೆದುರಿಗೇ ಇತ್ತು, ಏಕೆಂದರೆ ಅದು ತನ್ನ ರ‍್ಯಾಲಿ ಕಾರಿಗೆ ಆಧಾರವಾಗಲೆಂದೇ ರೂಪಿಸಿದ ಕಾರು. ಇವೊಲ್ಯೂಷನ್ ಮರಳುವ ಸುದ್ದಿಗೆ ಅಂಥ ಕಾರಣವನ್ನು ಯಾರೂ ಈವರೆಗೆ ಕೊಟ್ಟಿಲ್ಲ. ಕೊಡುತ್ತಿರುವುದು ಕಂಪ್ಯೂಟರಿನಲ್ಲಿ ಬಿಡಿಸಿದ ಚಿತ್ರಗಳನ್ನು.

ಪ್ರಶ್ನೆ: 2007ರಲ್ಲಿ ಈ ಎರಡೂ ಕಾರುಗಳ ಹೊಸ ತಲೆಮಾರು ಒಟ್ಟಿಗೇ ಬಂತಂತೆ. ಆಗ ಕಾದು ಕುಳಿತವರಿಗೆ ಸಿಕ್ಕಿದ್ದೇನು?

ಉತ್ತರ: ಒಳ್ಳೆಯ ಪ್ರಶ್ನೆ. ಈಗ ಕಾಯುತ್ತಿರುವವರು ಆ ಎರಡು ವರ್ಷಗಳನ್ನು ಒಮ್ಮೆ ತಿರುಗಿ ನೋಡುವುದು ಲೇಸು. ಮಿತ್ಸುಬಿಷಿ 2005ರ ಟೋಕಿಯೊ ಪ್ರದರ್ಶನದಲ್ಲಿ ಕಾನ್ಸೆಪ್ಟ್ ಎಕ್ಸ್ ಎಂಬ ಮಾದರಿಯನ್ನೂ 2007ರ ಜನವರಿಯಲ್ಲಿ ಡೆಟ್ರಾಯಿಟ್‌ನಲ್ಲಿ ಪ್ರೊಟೊಟೈಪ್ ಎಕ್ಸ್ ಎಂಬುದನ್ನೂ ತೋರಿಸಿ ಆಸೆಯನ್ನು ಕುದಿಯಲು ಬಿಟ್ಟಿತ್ತು. ಆ ವರ್ಷದ ಅಕ್ಟೋಬರ್‌ನಲ್ಲಿ ಎರಡೂ ಕಾರುಗಳು ಜಪಾನಿನಲ್ಲಿ ಬಿಡುಗಡೆಯಾದಾಗ ಎರಡೂ ಬಣದವರು ಬೆಚ್ಚಿದರು. ಸುಬಾರುವಿನ ಎಸ್‌ಟಿಐ ಸೆಡಾನ್ ರೂಪವನ್ನೇ ಬಿಟ್ಟು ಹ್ಯಾಚ್‌ಬ್ಯಾಕ್ ಆಗಿ ಬಂದಿತ್ತು. ಸೆಡಾನ್ ಬೇಕೆಂದವರು 2010ರವರೆಗೆ ಕಾಯಬೇಕಾಯಿತು. ಇವೊಲ್ಯೂಷನ್ ಸೆಡಾನ್ ಆಗಿಯೇ ಉಳಿದಿತ್ತಾದರೂ, ಹದಿನೈದು ವರ್ಷ ಅದರ ಜೀವಾಳವಾಗಿದ್ದ 4ಜಿ63 ಎಂಬ ಕಬ್ಬಿಣದ ಬ್ಲಾಕಿನ ಎಂಜಿನ್ ಹೋಗಿ ಅಲ್ಯೂಮಿನಿಯಂ ಬ್ಲಾಕಿನ 4ಬಿ11 ಬಂದಿತ್ತು, ಮತ್ತು ಕಾರಿನ ತೂಕ ಹಿಂದಿನ ಒಂಬತ್ತನೆಯ ಆವೃತ್ತಿಗಿಂತ ನೂರು ಕಿಲೋಗ್ರಾಂಗೂ ಹೆಚ್ಚು ಏರಿತ್ತು.

ಆ ತೂಕದೊಂದಿಗೆ ಎಂಜಿನಿಯರ್‌ಗಳು ಹೇಗೆ ಗುದ್ದಾಡಿದರು ಎಂಬುದನ್ನು ನೋಡಬೇಕಾದರೆ ಹತ್ತನೆಯ ಇವೊಲ್ಯೂಷನ್‌ನ ಡಿಕ್ಕಿ ತೆರೆಯಬೇಕು. ಬ್ಯಾಟರಿಯೂ ಗಾಜು ತೊಳೆಯುವ ನೀರಿನ ತೊಟ್ಟಿಯೂ ಎಂಜಿನ್ ಕೋಣೆಯಿಂದ ಎದ್ದು ಅಲ್ಲಿಗೆ ಬಂದು ಕುಳಿತಿವೆ. ಮೂತಿಯ ಭಾರ ಕಡಿಮೆಯಾದಷ್ಟೂ ಕಾರು ತಿರುವಿಗೆ ಚುರುಕಾಗಿ ಹೊರಳುತ್ತದೆ ಎಂಬ ಲೆಕ್ಕ ಅದು. ಛಾವಣಿ, ಬಾನೆಟ್, ಮುಂದಿನ ಫೆಂಡರ್‌ಗಳನ್ನು ಅಲ್ಯೂಮಿನಿಯಂನಲ್ಲಿ ಮಾಡಿದ್ದೂ ಇದೇ ಕಾರಣಕ್ಕೆ. ಹೊಸ ತಲೆಮಾರಿನ ಕಾರು ಹಳೆಯದಕ್ಕಿಂತ ಎಲ್ಲ ಬಗೆಯಲ್ಲೂ ಮೇಲಾಗಿರುತ್ತದೆ ಎಂದು ಎಣಿಸಿದವರು ಆಗ ನಿರಾಶರಾದರು. ಎರಡನ್ನೂ ಓಡಿಸಿ ನೋಡಿದವರಲ್ಲಿ ಹಲವರು ಒಂಬತ್ತನ್ನು ಚುರುಕಿಗಾಗಿ, ಹತ್ತನ್ನು ಜಾಣತನಕ್ಕಾಗಿ ಮೆಚ್ಚಿದರು. ಮುಂದೆ ಬರುವ ಯಾವ ಕಾರಿನ ವಿಷಯದಲ್ಲೂ ಈ ಬಗೆಯ ಕೊಡುಕೊಳ್ಳುವಿಕೆ ತಪ್ಪುವುದಿಲ್ಲ.

ಪ್ರಶ್ನೆ: ಹೊಸ ಕಾರಿನ ಅಶ್ವಶಕ್ತಿ ಎಷ್ಟಿರಬಹುದು ಎಂಬ ಒಂದೇ ಅಂಕಿಯ ಮೇಲೆ ಗೆಳೆಯರ ನಡುವೆ ಜಗಳವಾಗುತ್ತದೆ. ಅದಕ್ಕೆ ಅಷ್ಟು ಬೆಲೆ ಇದೆಯೇ?

ಉತ್ತರ: ಇಲ್ಲ. ಜಪಾನಿನ ಕಾರು ತಯಾರಕರು 1989ರಿಂದ 2004ರವರೆಗೆ ತಮ್ಮೊಳಗೇ ಒಪ್ಪಂದ ಮಾಡಿಕೊಂಡು, ಸ್ವದೇಶದಲ್ಲಿ ಮಾರುವ ಯಾವ ಕಾರಿಗೂ 280 ಅಶ್ವಶಕ್ತಿಗಿಂತ ಹೆಚ್ಚು ಘೋಷಿಸುತ್ತಿರಲಿಲ್ಲ. 1996ರ ನಾಲ್ಕನೆಯ ಇವೊಲ್ಯೂಷನ್‌ನ ಕಾಗದದಲ್ಲಿ 280 ಎಂದಿದೆ, 2007ರಲ್ಲಿ ಬಂದ ಹತ್ತನೆಯದರ ಕಾಗದದಲ್ಲೂ 280 ಎಂದೇ ಇದೆ. ಆದರೆ ಪಕ್ಕದ ಸಾಲಿನಲ್ಲಿರುವ ಟಾರ್ಕ್, ಅಂದರೆ ತಿರುಗಿಸುವ ಬಲದ ಅಂಕಿ ಮೊದಲಿನದಕ್ಕೆ 353 ನ್ಯೂಟನ್ ಮೀಟರ್, ಎರಡನೆಯದಕ್ಕೆ 422. ಮೇಲಿನ ಸಾಲನ್ನಷ್ಟೇ ಓದಿದವರಿಗೆ ಹನ್ನೊಂದು ವರ್ಷಗಳ ಕೆಲಸ ಕಾಣಿಸುವುದೇ ಇಲ್ಲ. ಅಶ್ವಶಕ್ತಿ ಎಂಜಿನ್ ತನ್ನ ತುತ್ತತುದಿಯಲ್ಲಿ ಏನು ಮಾಡಬಲ್ಲದು ಎಂಬುದನ್ನು ಹೇಳುತ್ತದೆ. ತಿರುವಿನಿಂದ ಹೊರಬೀಳುವಾಗ ಕೆಲಸಕ್ಕೆ ಬರುವುದು ಟಾರ್ಕ್ ಎಷ್ಟು ಬೇಗ ಹುಟ್ಟಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು. ಅದರ ನಂತರ ತೂಕವನ್ನೂ ಟೈರಿನ ಅಗಲವನ್ನೂ ನೋಡಿ. ಜಗಳಕ್ಕೆ ವಸ್ತು ಬೇಕೇ ಬೇಕೆಂದರೆ ಅವೂ ಸಾಕಷ್ಟು ಒದಗಿಸುತ್ತವೆ.

ಪ್ರಶ್ನೆ: ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುತ್ತದೆ ಎಂದಮೇಲೆ ಮುಗಿಯಿತಲ್ಲ? ಕಂಪನಿಗಳು ತಮ್ಮ ತಮ್ಮ ವ್ಯವಸ್ಥೆಗೆ ಬೇರೆ ಬೇರೆ ಹೆಸರಿಟ್ಟು ಅಷ್ಟೊಂದು ಹೊಗಳಿಕೊಳ್ಳುವುದೇಕೆ?

ಉತ್ತರ: ಹೊಗಳಿಕೆಯಲ್ಲಿ ಅರ್ಧವನ್ನು ಬಿಟ್ಟುಬಿಡಿ, ಉಳಿದರ್ಧದಲ್ಲಿ ಹುರುಳಿದೆ. ಹೊಸ ಕಾರಿನ ವಿವರಪಟ್ಟಿ ಕೈಗೆ ಬಂದಾಗ ಮೊದಲು ಓದಬೇಕಾದ ಭಾಗವೂ ಇದೇ.

ಕಾರು ತಿರುಗುವಾಗ ನಾಲ್ಕು ಚಕ್ರಗಳು ನಾಲ್ಕು ಬೇರೆ ಬೇರೆ ದೂರ ಸಾಗುತ್ತವೆ. ಹೊರಗಿನವು ಒಳಗಿನವಕ್ಕಿಂತ, ಮುಂದಿನವು ಹಿಂದಿನವಕ್ಕಿಂತ ಹೆಚ್ಚು ಉರುಳುತ್ತವೆ. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳನ್ನು ಬಿಗಿಯಾಗಿ ಒಂದಕ್ಕೊಂದು ಕಟ್ಟಿಬಿಟ್ಟರೆ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಗಿ, ಒಣ ಡಾಂಬರಿನ ಮೇಲೆ ಸ್ಟೀರಿಂಗನ್ನು ಪೂರ್ತಿ ತಿರುಗಿಸಿದೊಡನೆ ಕಾರು ಕುಪ್ಪಳಿಸುತ್ತದೆ, ಟೈರುಗಳು ಉಜ್ಜಿಕೊಳ್ಳುತ್ತವೆ. ಅದಕ್ಕಾಗಿ ನಡುವೆ ಒಂದು ಡಿಫರೆನ್ಶಿಯಲ್, ಅಂದರೆ ಎರಡೂ ಕಡೆಗೆ ಶಕ್ತಿ ಕೊಡುತ್ತಲೇ ಅವು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಹಲ್ಲುಚಕ್ರಗಳ ಜೋಡಣೆ ಬೇಕು. ಆದರೆ ಅದನ್ನು ಪೂರ್ತಿ ಸಡಿಲ ಬಿಟ್ಟರೆ, ಒಂದು ಚಕ್ರ ಹಿಮದ ಮೇಲೆ ಜಾರತೊಡಗಿದಾಗ ಶಕ್ತಿಯೆಲ್ಲ ಅಲ್ಲೇ ಸುತ್ತಿ ವ್ಯರ್ಥವಾಗುತ್ತದೆ. ಯಾವಾಗ ಸಡಿಲ ಬಿಡಬೇಕು, ಯಾವಾಗ ಬಿಗಿ ಹಿಡಿಯಬೇಕು, ಆ ನಿರ್ಧಾರವನ್ನು ಯಾರು ಮಾಡಬೇಕು ಎಂಬಲ್ಲೇ ಕಂಪನಿಗಳ ದಾರಿ ಬೇರೆಯಾಗುವುದು.

ಸುಬಾರು ಎಂಜಿನ್ನನ್ನು ಉದ್ದುದ್ದ ಮಲಗಿಸಿ, ಅದರ ಬೆನ್ನಿಗೆ ಗೇರ್‌ಬಾಕ್ಸನ್ನೂ ಗೇರ್‌ಬಾಕ್ಸಿನ ಬಾಲದಲ್ಲಿ ನಡುವಿನ ಡಿಫರೆನ್ಶಿಯಲ್ಲನ್ನೂ ಇಡುತ್ತದೆ. ಮ್ಯಾನ್ಯುವಲ್ ಗೇರಿನ ಸಾಧಾರಣ ಡಬ್ಲ್ಯುಆರ್‌ಎಕ್ಸ್‌ನಲ್ಲಿ ದಪ್ಪ ದ್ರವದಲ್ಲಿ ಮುಳುಗಿದ ಫಲಕಗಳು, ಎರಡು ಆಕ್ಸಲ್‌ಗಳ ವೇಗದಲ್ಲಿ ವ್ಯತ್ಯಾಸ ಬಂದಾಗ ತಾವಾಗಿ ಬಿಗಿದುಕೊಳ್ಳುತ್ತವೆ. ಎಸ್‌ಟಿಐಯಲ್ಲಿ ಆ ಜಾಗದಲ್ಲಿ ವಿದ್ಯುತ್ಕಾಂತದ ಕ್ಲಚ್ ಬಂದು, ಆಸನಗಳ ನಡುವಿನ ಒಂದು ಚಿಕ್ಕ ನಿಯಂತ್ರಕದಿಂದ ಬಿಗಿತವನ್ನು ಚಾಲಕನೇ ಆರಿಸಿಕೊಳ್ಳುವ ಅವಕಾಶವಿತ್ತು. ಅದರ ಕೊನೆಯ ವರ್ಷಗಳ ಮೂಲ ಹಂಚಿಕೆ ಮುಂದಕ್ಕೆ ಶೇ 41, ಹಿಂದಕ್ಕೆ ಶೇ 59.

ಮಿತ್ಸುಬಿಷಿಯದು ಅಡ್ಡಲಾಗಿ ಕೂತ ಎಂಜಿನ್. 2001ರ ಏಳನೆಯ ಆವೃತ್ತಿಯಿಂದ ನಡುವಿನ ಡಿಫರೆನ್ಶಿಯಲ್ಲಿಗೆ ಎಣ್ಣೆಯ ಒತ್ತಡದಿಂದ ಹಿಡಿಯುವ ಹಲವು ಫಲಕಗಳ ಕ್ಲಚ್ಚನ್ನು ಜೋಡಿಸಿ, ಟಾರ್ಮ್ಯಾಕ್ (ಡಾಂಬರು), ಗ್ರ್ಯಾವೆಲ್ (ಜಲ್ಲಿ), ಸ್ನೋ (ಹಿಮ) ಎಂಬ ಮೂರು ಆಯ್ಕೆಗಳ ಗುಂಡಿಯನ್ನಷ್ಟೇ ಚಾಲಕನಿಗೆ ಕೊಟ್ಟು ಉಳಿದದ್ದನ್ನು ಕಂಪ್ಯೂಟರಿಗೆ ಬಿಟ್ಟಿತು. ಅದಕ್ಕಿಂತ ಮುಖ್ಯವಾದದ್ದು 1996ರಲ್ಲೇ ಹಿಂದಿನ ಆಕ್ಸಲ್ಲಿಗೆ ಬಂದಿದ್ದ ಸಲಕರಣೆ. ಅದು ತಿರುವಿನಲ್ಲಿ ಹೊರಗಿನ ಹಿಂಚಕ್ರಕ್ಕೆ ಒಳಗಿನದಕ್ಕಿಂತ ಹೆಚ್ಚು ಟಾರ್ಕ್ ದಾಟಿಸಿ, ಕಾರಿನ ಮೂತಿಯನ್ನು ತಿರುವಿನ ಒಳಕ್ಕೆ ತಳ್ಳುತ್ತಿತ್ತು. ಸಾಮಾನ್ಯವಾಗಿ ಮುಂದೆ ಭಾರವಿರುವ ಕಾರಿನಲ್ಲಿ ತಿರುವಿನ ನಡುವೆ ವೇಗವರ್ಧಕ ಒತ್ತಿದರೆ ಕಾರು ತಿರುವಿನ ಹೊರಕ್ಕೆ ಸರಿಯುತ್ತದೆ. ಇವೊಲ್ಯೂಷನ್‌ನಲ್ಲಿ ಒತ್ತಿದಷ್ಟೂ ಕಾರಿನ ಹಾದಿ ಒಳಕ್ಕೆ ಬರುತ್ತಿತ್ತು. ಎಸ್‌ಟಿಐ ಚಾಲಕ ಬ್ರೇಕ್ ಮೇಲೆ ಕಾಲಿಟ್ಟು ತಿರುವಿನೊಳಕ್ಕೆ ಹೊಕ್ಕು, ಮುಂದಿನ ಟೈರುಗಳಿಗೆ ನೆಲದ ಹಿಡಿತ ಸಿಗುವವರೆಗೆ ತಾಳ್ಮೆಯಿಂದ ಇದ್ದು, ಆಮೇಲೆ ಶಕ್ತಿ ಕೊಡಬೇಕಿತ್ತು. ಯಾವುದು ಮೇಲು ಎಂಬುದು ನಿಮ್ಮ ಸ್ವಭಾವಕ್ಕೆ ಬಿಟ್ಟದ್ದು. ಈ ಅಂಕಣಕಾರನ ಒಲವು ಸುಬಾರುವಿನ ಕಡೆಗೆ, ಏಕೆಂದರೆ ಅದು ಚಾಲಕನಿಗೂ ಸ್ವಲ್ಪ ಕೆಲಸ ಉಳಿಸುತ್ತದೆ.

ಈಗ ಹೊಸಬರನ್ನು ನೋಡಿ. ಆಡಿ ಆರ್‌ಎಸ್3, ಮರ್ಸಿಡಿಸ್ ಎಎಂಜಿ ಸಿಎಲ್‌ಎ 45 ಎಸ್ ಇವೆರಡರಲ್ಲೂ ನಡುವಿನ ಡಿಫರೆನ್ಶಿಯಲ್ ಎಂಬುದೇ ಇಲ್ಲ. ಅವು ಮೂಲದಲ್ಲಿ ಮುಂಚಕ್ರ ಚಾಲನೆಯ ಕಾರುಗಳು. ಬೇಕಾದಾಗ ಹಿಂದಿನ ಆಕ್ಸಲ್ಲನ್ನು ಕ್ಲಚ್ ಮೂಲಕ ಸೇರಿಸಿಕೊಳ್ಳುತ್ತವೆ. ಮೊದಲೆಲ್ಲ ಇಂಥ ಏರ್ಪಾಡು ತಡವಾಗಿ ಎಚ್ಚರಗೊಳ್ಳುತ್ತಿತ್ತು ಎಂಬ ದೂರಿತ್ತು. ಈಗ ಹಿಂದಿನ ಎರಡು ಚಕ್ರಗಳಿಗೂ ಒಂದೊಂದು ಪ್ರತ್ಯೇಕ ಕ್ಲಚ್ ಇಟ್ಟು, ಹಿಂದಕ್ಕೆ ಬಂದ ಟಾರ್ಕನ್ನೆಲ್ಲ ಬೇಕಾದರೆ ಹೊರಗಿನ ಒಂದೇ ಚಕ್ರಕ್ಕೆ ಕೊಡುವಷ್ಟು ಅದು ಬೆಳೆದಿದೆ. ಆದರೆ ಕ್ಲಚ್ ಎಂದಮೇಲೆ ಶಾಖ ಇದ್ದೇ ಇರುತ್ತದೆ, ಆ ಶಾಖವನ್ನು ಎಲ್ಲಿಗೆ ಸಾಗಿಸುತ್ತಾರೆ ಎಂಬುದು ಜಾಹೀರಾತಿನಲ್ಲಿ ಇರುವುದಿಲ್ಲ. ಟ್ರ್ಯಾಕಿನಲ್ಲಿ ಐದಾರು ಸುತ್ತಿನ ನಂತರವೂ ಹಿಂಚಕ್ರಗಳು ಮೊದಲಿನಂತೆಯೇ ತಳ್ಳುತ್ತಿವೆಯೇ ಎಂಬುದನ್ನು ಬರೆದ ಪರೀಕ್ಷಾ ವರದಿ ಸಿಕ್ಕರೆ, ಹತ್ತು ವಿವರಪಟ್ಟಿಗಳಿಗಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ಹಾಗಾದರೆ ಇಂದಿನ ನಿಜವಾದ ಪ್ರತಿಸ್ಪರ್ಧಿಗಳು ಯಾರು?

ಉತ್ತರ: ಪೈಪೋಟಿ ಜರ್ಮನಿಗೆ ಸ್ಥಳಾಂತರವಾಗಿದೆ. ಐದು ಸಿಲಿಂಡರಿನ 2.5 ಲೀಟರ್ ಎಂಜಿನ್ನಿನ ಆರ್‌ಎಸ್3 2021ರಲ್ಲಿ 400 ಅಶ್ವಶಕ್ತಿಯೊಂದಿಗೆ ಬಂತು. 2019ರಲ್ಲಿ ಬಂದ ಸಿಎಲ್‌ಎ 45 ಎಸ್ ಕೇವಲ ಎರಡು ಲೀಟರಿನಿಂದ 421 ತೆಗೆಯುತ್ತದೆ. ಒಂದು ಮೆಟ್ಟಿಲು ಮೇಲೆ, 2021ರಲ್ಲಿ ಬಿಎಂಡಬ್ಲ್ಯು ಎಂ3ಗೆ ಮೊದಲ ಸಲ ನಾಲ್ಕು ಚಕ್ರಗಳ ಚಾಲನೆ ಬಂತು. ಬೇಕೆಂದಾಗ ಅದನ್ನು ಹಿಂಚಕ್ರಗಳಿಗಷ್ಟೇ ಸೀಮಿತಗೊಳಿಸಬಹುದು. ಈಗಿನ ಡಬ್ಲ್ಯುಆರ್‌ಎಕ್ಸ್ 2.4 ಲೀಟರ್ ಎಂಜಿನ್ನಿನೊಂದಿಗೆ 271 ಅಶ್ವಶಕ್ತಿಯಲ್ಲಿ ನಿಂತಿದೆ. ಈ ಸಾಲಿನಲ್ಲಿ ಅದು ತೀರ ಹಿಂದೆ ಕಾಣುತ್ತದಾದರೂ ಮೂರು ಪೆಡಲ್‌ಗಳಿರುವ ನಾಲ್ಕು ಚಕ್ರ ಚಾಲನೆಯ ಟರ್ಬೊ ಸೆಡಾನ್ ಬೇಕು ಎಂದವರಿಗೆ ಅದನ್ನು ಬಿಟ್ಟರೆ ಬೇರೆ ದಾರಿ ಹೆಚ್ಚಿಲ್ಲ.

ಪ್ರಶ್ನೆ: ಟರ್ಬೊ ಎಂಜಿನ್ನಿನಲ್ಲಿ ಕಾಲು ಒತ್ತಿದ ಮೇಲೆ ಶಕ್ತಿ ಬರಲು ತಡವಾಗುತ್ತದೆ. ಮುಂದಿನ ಕಾರುಗಳಲ್ಲಿ ಇದು ಹೋಗುತ್ತದೆಯೇ?

ಉತ್ತರ: ಬಹುಮಟ್ಟಿಗೆ ಹೋಗಿದೆ. ನಾಲ್ಕು ಸಿಲಿಂಡರುಗಳ ಹೊಗೆಯನ್ನು ಒಂದೇ ಕೊಳವೆಗೆ ಸುರಿದರೆ ಒಂದರ ಒತ್ತಡ ಇನ್ನೊಂದಕ್ಕೆ ಅಡ್ಡ ಬರುತ್ತದೆ. ಅವನ್ನು ಎರಡೆರಡಾಗಿ ಜೋಡಿಸಿ ಟರ್ಬೈನಿಗೆ ಎರಡು ಪ್ರತ್ಯೇಕ ಬಾಯಿಗಳಲ್ಲಿ ಬಿಡುವ ಟ್ವಿನ್ ಸ್ಕ್ರಾಲ್ ಪದ್ಧತಿಯನ್ನು ಇವೊಲ್ಯೂಷನ್ ಬಹಳ ಹಿಂದೆಯೇ ಬಳಸಿತ್ತು. ಸುಬಾರುವಿನ ಹಳೆಯ ಎಂಜಿನ್‌ಗಳ ಆ ಪ್ರಸಿದ್ಧ ಗುಡುಗುಡು ಸದ್ದು ಹುಟ್ಟುತ್ತಿದ್ದುದು ಹೊಗೆಕೊಳವೆಗಳ ಉದ್ದ ಒಂದೇ ಸಮನಾಗಿರದ ಕಾರಣ. ಜಪಾನಿನ ಎಸ್‌ಟಿಐಗೆ ಸಮ ಉದ್ದದ ಕೊಳವೆಗಳೂ ಟ್ವಿನ್ ಸ್ಕ್ರಾಲ್ ಟರ್ಬೊವೂ ಬಂದಾಗ ಪ್ರತಿಕ್ರಿಯೆ ಚುರುಕಾಯಿತು, ಸದ್ದು ಮಾತ್ರ ಕಳೆದುಹೋಯಿತು. ಅಭಿಮಾನಿಗಳು ಅದಕ್ಕೂ ಗೊಣಗಿದರು. 2022ರಲ್ಲಿ ಪ್ರಕಟವಾದ ಎಎಂಜಿ ಸಿ63 ಎಸ್‌ನಲ್ಲಿ ಟರ್ಬೊದ ದಂಡಕ್ಕೇ ಒಂದು ಚಿಕ್ಕ ವಿದ್ಯುತ್ ಮೋಟಾರ್ ಜೋಡಿಸಿದ್ದಾರೆ. ಹೊಗೆ ಬಂದು ತಿರುಗಿಸುವ ಮೊದಲೇ ಅದು ಟರ್ಬೈನನ್ನು ವೇಗಕ್ಕೆ ತಂದಿರುತ್ತದೆ.

ಪ್ರಶ್ನೆ: ಮುಂದಿನ ತಲೆಮಾರಿಗೆ ಹೈಬ್ರಿಡ್ ಮತ್ತು ವಿದ್ಯುತ್ ಅನಿವಾರ್ಯವೇ?

ಉತ್ತರ: ಮೊದಲ ಉತ್ತರದಲ್ಲಿ ಹೇಳಿದ ಹೊಗೆಯ ಲೆಕ್ಕದಿಂದ ನೋಡಿದರೆ ಹೌದು. ಮೇಲೆ ಹೇಳಿದ ಸಿ63 ಎಸ್ ಎರಡು ಲೀಟರ್ ಎಂಜಿನ್ನಿಗೆ ಹಿಂದಿನ ಆಕ್ಸಲ್ಲಿನಲ್ಲಿ ವಿದ್ಯುತ್ ಮೋಟಾರ್ ಸೇರಿಸಿಕೊಂಡು ಒಟ್ಟು 680 ಅಶ್ವಶಕ್ತಿ ಕೊಡುತ್ತದೆ, ಆದರೆ ತೂಕ 2,100 ಕಿಲೋಗ್ರಾಂ ದಾಟಿದೆ. ವಿದ್ಯುತ್ ಎಂ3ಯನ್ನು ತಯಾರಿಸುತ್ತಿರುವುದಾಗಿ ಬಿಎಂಡಬ್ಲ್ಯು ಬಹಿರಂಗವಾಗಿಯೇ ಹೇಳಿದೆ. ಶುದ್ಧ ಯಂತ್ರಶಾಸ್ತ್ರದ ದೃಷ್ಟಿಯಿಂದ ವಿದ್ಯುತ್ತನ್ನು ತೆಗಳಲು ಕಾರಣವಿಲ್ಲ. ಒಂದೊಂದು ಚಕ್ರಕ್ಕೆ ಒಂದೊಂದು ಮೋಟಾರ್ ಇಟ್ಟರೆ, ಮೂವತ್ತು ವರ್ಷಗಳಿಂದ ಡಿಫರೆನ್ಶಿಯಲ್, ಕ್ಲಚ್, ಎಣ್ಣೆ ಪಂಪುಗಳಿಂದ ಸಾಧಿಸಲು ಹೆಣಗಿದ ಟಾರ್ಕ್ ಹಂಚಿಕೆ ಬರಿಯ ಲೆಕ್ಕಾಚಾರದಿಂದ ಆಗಿಹೋಗುತ್ತದೆ. ತೂಕವೊಂದನ್ನು ಲೆಕ್ಕಾಚಾರದಿಂದ ಕಳೆಯಲಾಗದು. ಬ್ರೇಕ್ ಒತ್ತಿದಾಗ ಅದು ತನ್ನ ಪಾಲು ಕೇಳಿಯೇ ಕೇಳುತ್ತದೆ.

ಪ್ರಶ್ನೆ: ಹೊಸದು ಬರುವವರೆಗೆ ಹಳೆಯ ಇವೊಲ್ಯೂಷನ್ ಅಥವಾ ಎಸ್‌ಟಿಐಯನ್ನು ಕೊಂಡು ಓಡಿಸುವುದು ಜಾಣತನವೇ? ನೋಡುವಾಗ ಏನನ್ನು ಗಮನಿಸಬೇಕು?

ಉತ್ತರ: ಮಾರ್ಪಾಡು ಮಾಡದ ಕಾರು ಸಿಕ್ಕರೆ ಖಂಡಿತ. ಹೆಚ್ಚಿನ ಟರ್ಬೊ ಒತ್ತಡಕ್ಕಾಗಿ ಎಂಜಿನ್ ಕಂಪ್ಯೂಟರನ್ನು ತಿದ್ದಿದ ಕಾರನ್ನು, ತಿದ್ದಿದವರು ಯಾರು, ಯಾವ ಇಂಧನಕ್ಕೆ ಹೊಂದಿಸಿ ತಿದ್ದಿದರು ಎಂಬ ದಾಖಲೆಯಿಲ್ಲದೆ ಮುಟ್ಟಬೇಡಿ. ಎಂಜಿನ್ನಿನ ಜೊತೆಗೆ ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಹಿಂದಿನ ಡಿಫರೆನ್ಶಿಯಲ್ ಇವುಗಳ ಎಣ್ಣೆ ಯಾವಾಗ ಬದಲಾಯಿತು ಎಂಬುದನ್ನು ಕೇಳಿ. ಎಂಜಿನ್ ಎಣ್ಣೆಯ ಲೆಕ್ಕವನ್ನು ಎಲ್ಲರೂ ಇಡುತ್ತಾರೆ, ಇವುಗಳದನ್ನು ಇಡುವವರು ಕಡಿಮೆ. ಖಾಲಿ ಜಾಗದಲ್ಲಿ ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ನಿಧಾನವಾಗಿ ಒಂದು ಸುತ್ತು ಬನ್ನಿ. ನಡುವಿನ ಡಿಫರೆನ್ಶಿಯಲ್ಲನ್ನು ಸಡಿಲದ ಆಯ್ಕೆಯಲ್ಲಿ ಇಟ್ಟಿದ್ದರೂ ಕಾರು ತಡೆದು ತಡೆದು ಸಾಗಿದರೆ ಅದರೊಳಗಿನ ಕ್ಲಚ್ ಹಿಡಿದುಕೊಂಡಿದೆ ಎಂದರ್ಥ.

ಆಮೇಲೆ ಬಗ್ಗಿ ನಾಲ್ಕು ಟೈರುಗಳನ್ನೂ ನೋಡಿ. ನಾಲ್ಕೂ ಒಂದೇ ಕಂಪನಿಯ ಒಂದೇ ಮಾದರಿಯವಾಗಿದ್ದು, ನಾಲ್ಕರ ಸವೆತವೂ ಹೆಚ್ಚುಕಡಿಮೆ ಸಮನಾಗಿರಬೇಕು. ಸುತ್ತಳತೆಯಲ್ಲಿ ಕೆಲವೇ ಮಿಲಿಮೀಟರ್ ವ್ಯತ್ಯಾಸವಿದ್ದರೂ ನೇರ ದಾರಿಯಲ್ಲಿ ಕೂಡ ನಡುವಿನ ಡಿಫರೆನ್ಶಿಯಲ್ ಬಿಡುವಿಲ್ಲದೆ ದುಡಿಯುತ್ತ ಕಾದುಹೋಗುತ್ತದೆ. ಮೂರು ಹಳೆಯ ಟೈರುಗಳ ಜೊತೆಗೆ ಒಂದು ಹೊಚ್ಚಹೊಸ ಟೈರು ಕಂಡರೆ, ಅದನ್ನು ಹಾಕಿಸಿ ಎಷ್ಟು ದಿನವಾಯಿತು ಎಂದು ಮಾರುವವರನ್ನು ಕೇಳಿ, ಉತ್ತರ ಬಂದ ಮೇಲೆ ಚೌಕಾಶಿಗೆ ಕುಳಿತುಕೊಳ್ಳಿ.